ಟಯರ್ ಬಡಿದ ಸದ್ದು

ನಮ್ಮ ಯಜಮಾನರು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾರೆ. ಲಾರಿ ನಿಲ್ಲುವುದು ನಮ್ಮ ಮನೆಯ ಮುಂದೆಯೇ. ಬೆಳಿಗ್ಗೆ ಅದರ ಸುತ್ತ ಒಂದು ಸಲ ಅಡ್ಡಾಡಿ ನೋಡದೆ ಅವರು ಚಹಾ ಕುಡಿದವರಲ್ಲ. ಬ್ರೇಕು, ಎಣ್ಣೆ, ದೀಪ ಎಲ್ಲ ನೋಡಿ, ಕೊನೆಗೆ ಕಬ್ಬಿಣದ ರಾಡಿನಿಂದ ಒಂದೊಂದೇ ಟಯರ್ ಬಡಿಯುತ್ತಾರೆ. ಗಾಳಿ ಸರಿಯಿದ್ದರೆ ಸದ್ದು ಗಟ್ಟಿ, ಇಳಿದಿದ್ದರೆ ಮೆತ್ತಗೆ ದಬ್ ಅನ್ನುತ್ತದೆ. ಹಿಂದಿನ ಜೋಡಿ ಟಯರಿನಲ್ಲಿ ಒಳಗಿನದು ಸೋತರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಯೇ ಹೇಳಬೇಕು.

ಆ ಕಿವಿ ಈಗ ಮಂದವಾಗಿದೆ. ಅಡುಗೆಮನೆಯಲ್ಲೇ ಕೂತಿದ್ದರೂ ಕುಕ್ಕರ್ ಕೂಗಿದ್ದು ಅವರಿಗೆ ತಿಳಿಯುವುದಿಲ್ಲ. ಮಾಲೀಕರಿಗೆ ಗೊತ್ತಾದರೆ ಚಾವಿ ಬೇರೆಯವರ ಕೈಗೆ ಹೋಗುತ್ತದೆ, ಈ ವಯಸ್ಸಿನಲ್ಲಿ ಇನ್ನಾರೂ ಗಾಡಿ ಕೊಡುವುದಿಲ್ಲ. ನನಗಂತೂ ಇದು ಗಂಟಲಲ್ಲಿ ಸಿಕ್ಕ ಬಿಸಿತುಪ್ಪ.

ಒಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಹಿಂದಿನ ಟಯರು ದಬ್ ಎಂದಿತು. ಅವರು ಸುಮ್ಮನೆ ಮುಂದಿನದಕ್ಕೆ ಹೋದರು. ಓಡಿಹೋಗಿ ತೋಳು ಹಿಡಿದೆ.

“ಅದರಾಗ ಗಾಳಿ ಇಲ್ರಿ.”

“ಲಾರಿ ನಾ ಹೊಡಿತೇನೋ, ನೀ ಹೊಡಿತೀಯೋ?” ಎಂದು ರೇಗಿದರು. ಆದರೂ ಬಗ್ಗಿ ನೋಡಿದರು. ಮೊಳೆ ಹೊಕ್ಕಿತ್ತು.

ಮರುದಿನದಿಂದ ರಾಡು ಎತ್ತಿಕೊಂಡವರೇ ನನಗೆ “ಬಾ” ಅನ್ನತೊಡಗಿದರು. ಅವರು ಬಡಿಯುತ್ತಾರೆ, ನಾನು ತಲೆಯಾಡಿಸುತ್ತೇನೆ. “ಗಂಡಗ ಕ್ಲೀನರ್ ಆಗೀಯೇನ ಯವ್ವಾ?” ಎಂದು ಪಕ್ಕದ ಮನೆಯಾಕೆ ನಗುತ್ತಾಳೆ. ನಗಲಿ, ಅವಳ ಗಂಡನಿಗೆ ಎಲ್ಲ ಕೇಳಿಸುತ್ತದೆ. ಆದರೆ ಸವಣೂರಿನಲ್ಲಿ, ಹಿರೇಕೆರೂರಿನಲ್ಲಿ ಮಾಲು ಹೇರಿ ವಾಪಸು ಹೊರಡುವಾಗ ಅವರ ಬಳಿ ಯಾರಿದ್ದಾರೆ?

ಮೊನ್ನೆ ಮಧ್ಯಾಹ್ನ ಶಿಗ್ಗಾಂವದಿಂದ ಅವರ ಫೋನ್ ಬಂತು. ಗೋವಿನಜೋಳ ಹೇರಿದ್ದಾಗಿತ್ತು, ಇನ್ನು ಹೆದ್ದಾರಿ ಹಿಡಿಯಬೇಕು.

“ಫೋನ್ ಟಯರಿಗೆ ಹಿಡಿತೇನಿ, ಕೇಳಿ ಹೇಳು.”

ಬಡಿದರು. ಹಾರನ್ನು, ಹಮಾಲರ ಕೂಗಾಟ, ಅದರ ನಡುವೆ ಏನೋ ಟಪ್ ಎಂದಿತು. ಇನ್ನೊಂದೂ ಹಾಗೆಯೇ. ಎಲ್ಲವೂ ಹಾಗೆಯೇ.

“ಬರೊಬ್ಬರಿ ಅದಾವಲ್ಲ?”

“ತಿಳೀವಲ್ದ್ರಿ. ಪಂಕ್ಚರ್ ಅಂಗಡಿಯಾಗ ತೋರಸ್ರಿ.”

ಯಾರೋ ಗಾಡಿ ತೆಗೆಯಲು ಅವರಿಗೆ ಅವಸರ ಮಾಡುತ್ತಿದ್ದರು. ನಾನು ಮತ್ತೆ ಕೂಗಿದೆ. “ಹೊಂಡಬ್ಯಾಡ್ರಿ, ನನಗ ತಿಳೀವಲ್ದು.” ನನ್ನ ಕೂಗು ಕೇಳಿ ಪಕ್ಕದ ಮನೆಯಾಕೆ ಹೊರಗೆ ಬಂದಳು. ಅವರು ಫೋನ್ ಬಂದ್ ಮಾಡದೆ ಕಿಸೆಗೆ ಹಾಕಿಕೊಂಡಿದ್ದರು. ಬಾಗಿಲು ಹಾಕಿದ್ದು ಕೇಳಿಸಿತು. ಆಮೇಲೆ ಲಾರಿ ಚಾಲೂ ಆಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.