ಅಣ್ಣ ಕಾಯಬೇಡ ಅಂದಿದ್ದ

ಅತ್ತಿಗೆ, ಅಣ್ಣ ಸತ್ತದ್ದು ನನಗೆ ಗೊತ್ತಿತ್ತು. ಐವತ್ತು ವರ್ಷಗಳಿಂದಲೂ ಗೊತ್ತಿತ್ತು. ನೀವು ದಿನವೂ ಕುಂಕುಮ ಇಟ್ಟುಕೊಳ್ಳುವುದನ್ನು ನೋಡುತ್ತ, ನೀವು ಬಡಿಸಿದ್ದನ್ನು ಉಣ್ಣುತ್ತ ಬದುಕಿದೆ. ಬರೀ ಮುಚ್ಚಿಟ್ಟೆ ಎಂದರೂ ಪೂರ್ತಿ ಹೇಳಿದಂತಾಗುವುದಿಲ್ಲ — ನಾನು ಸುಳ್ಳು ಹೇಳಿದೆ. ನಿಮ್ಮ ಎದುರಿಗೇ, ನಮ್ಮ ಜಗಲಿಯ ಮೇಲೆ.

ನಂಜುಂಡಣ್ಣನನ್ನು ಯಾರೂ ವಾಯುಪಡೆಗೆ ತಳ್ಳಿರಲಿಲ್ಲ. ತುರುವೇಕೆರೆಯಲ್ಲಿ ತೋಟವಿತ್ತು, ತಿಪಟೂರಿನ ಸೋದರಮಾವ ಕೊಬ್ಬರಿ ವ್ಯಾಪಾರಕ್ಕೆ ಸೇರಿಸಿಕೊಳ್ಳಲು ಕಾದಿದ್ದ. ಅಣ್ಣ ತಾನಾಗಿಯೇ ಅರ್ಜಿ ಹಾಕಿ, ಅಮ್ಮಸಂದ್ರದಲ್ಲಿ ರೈಲು ಹತ್ತಿ ಹೋದ. ಬಾಂಬರ್ ವಿಮಾನದ ಪೈಲಟ್ ಆದ. ಒಮ್ಮೆ ರಜೆಗೆ ಬಂದಾಗ ಕೇಳಿದ್ದೆ — "ಬಾಂಬು ಹಾಕೋವಾಗ ಕೆಳಗೆ ಜನ ಇರಲ್ವೇನಣ್ಣ?" ಅವನು ನಗಲಿಲ್ಲ. "ಇರ್ತಾರೆ ಕಣ್ಲಾ. ಅದನ್ನ ಮರೆತೋನು ಹಾರಬಾರ್ದು" ಎಂದ. ನಿಮ್ಮನ್ನು ಅರಳಗುಪ್ಪೆಯಿಂದ ಮದುವೆಯಾಗಿ ಕರೆತಂದ ಮೇಲೆ ನಿಮ್ಮ ಜೊತೆಗಿದ್ದದ್ದು ಒಂದೇ ರಜೆ.

ಎಪ್ಪತ್ತೊಂದರ ಯುದ್ಧದಲ್ಲಿ ಟೆಲಿಗ್ರಾಂ ಬಂತು — ಕಾಣೆಯಾಗಿದ್ದಾರೆ ಎಂದು. ಆ ಒಂದು ಪದವನ್ನು ಹಿಡಿದುಕೊಂಡು ನೀವು ಉಸಿರಾಡಿದಿರಿ. ಆ ಸುದ್ದಿಗೇ ಅವ್ವನಿಗೆ ಲಕ್ವ ಹೊಡೆಯಿತು. ಅವಳನ್ನು ಎತ್ತಿ, ತೊಳೆದು, ಉಣಿಸಿದ್ದು ನೀವು. ನಿಮ್ಮಪ್ಪ ಎರಡು ಸಲ ಬಂದು ಹೇಳಿ ಹೋಗಿದ್ದರು — "ಇನ್ನೂ ಇಪ್ಪತ್ತೊಂದು ತುಂಬಿಲ್ಲ ಕಣ್ರೀ ಅವಳಿಗೆ. ಸುದ್ದಿ ಖಚಿತ ಆಗ್ಲಿ, ಕರ್ಕೊಂಡೋಗಿ ಓದಿಸ್ತೀನಿ."

ಒಂದು ವರ್ಷ ಕಳೆದ ಮೇಲೆ ಸೆರೆಯಿಂದ ಬಿಡುಗಡೆಯಾದ ನ್ಯಾವಿಗೇಟರ್ — ಅಣ್ಣನ ವಿಮಾನದಲ್ಲಿ ದಾರಿ ಗುರುತಿಸುತ್ತಿದ್ದ ಪಂಜಾಬಿನವರು — ಊರುಗೋಲು ಹಿಡಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರಿಗೆ ಕನ್ನಡ ಬಾರದು, ನಿಮಗೆ ಇಂಗ್ಲಿಷ್ ಬಾರದು. ನಡುವೆ, ಬಿ.ಎ. ಓದುತ್ತಿದ್ದ ನಾನೊಬ್ಬ.

ಅವರು ಹೇಳಿದ್ದು ಇಷ್ಟು. ಆ ದಿನ ಹಾರಬೇಕಾದ ಪೈಲಟ್‌ಗೆ ಜ್ವರ. ಅಣ್ಣ ತಾನೇ ಕೈಯೆತ್ತಿ ಹೊರಟ. ಬಾಂಬು ಹಾಕಿ ಮರಳುವಾಗ ಗುಂಡು ತಗುಲಿ ರೆಕ್ಕೆಗೆ ಬೆಂಕಿ ಹತ್ತಿತು. ಸೀಟಿನ ಸಮೇತ ಹೊರಗೆ ಹಾರುವ ಅನುಕೂಲ ಇದ್ದದ್ದು ಪೈಲಟ್‌ಗೆ ಮಾತ್ರ; ನ್ಯಾವಿಗೇಟರ್ ತೆವಳಿಕೊಂಡು ಬಾಗಿಲಿಗೆ ಹೋಗಿ ಧುಮುಕಬೇಕು. ಅವರು ಧುಮುಕುವವರೆಗೂ ಅಣ್ಣ ಉರಿಯುವ ವಿಮಾನವನ್ನು ಅಲುಗಾಡದಂತೆ ಹಿಡಿದಿದ್ದ. ಆಮೇಲೆ ಅವನಿಗೆ ಸಮಯ — ಉಳಿಯಲಿಲ್ಲ. ಮಾರನೆಯ ದಿನ, ಸೆರೆ ಹಿಡಿದವರು ತೋರಿಸಿದಾಗ, ಅಣ್ಣನ ದೇಹವನ್ನು ಗುರುತಿಸಿದವರೂ ಅವರೇ. ಹೊರಡುವ ಮೊದಲು ಅಣ್ಣ ಅವರ ಕೈ ಹಿಡಿದು ಹೇಳಿದ್ದನಂತೆ — ನಾನು ಬರದಿದ್ದರೆ ಗಿರಿಜೆಗೆ ತಿಳಿಸು, ಕಾಯಬೇಡ. ಓದಲಿ, ಮತ್ತೆ ಮದುವೆಯಾಗಲಿ.

ಹೇಳುತ್ತ ಅವರು ಅತ್ತರು. ನೀವು ಬಾಗಿಲು ಹಿಡಿದು ನಿಂತಿದ್ದಿರಿ.

"ಏನಂದ್ರು ಪರಮೇಶಿ?"

ಒಳಗೆ ಅವ್ವ ನರಳಿದಳು. ನಾಳೆ ಇವಳನ್ನು ಎತ್ತುವವರು ಯಾರು — ನನಗೆ ಹೊಳೆದದ್ದು ಅದೊಂದೇ. ನಿಮ್ಮ ಮೇಲಿನ ಕರುಣೆಯಿಂದ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ನಂಬಿಸಿಕೊಂಡೆ. ಅಲ್ಲ.

"ಕಾಯ್ತಾ ಇರು ಅಂದವ್ನಂತೆ ಅತ್ಗೆ. ಎಲ್ಲೋ ಸೆರೆ ಸಿಕ್ಕಿರಬೇಕು, ಬಂದೇ ಬತ್ತಾನಂತೆ."

"ಮತ್ತೆ ಅವರ್ಯಾಕೆ ಅಳ್ತಾವ್ರೆ?"

"ಅಣ್ಣನ್ನ ನೆನೆಸ್ಕೊಂಡು."

ನೀವು ನಕ್ಕಿರಿ. ಒಂದು ವರ್ಷದಲ್ಲಿ ಮೊದಲ ಸಲ. ಒಳಗೆ ಹೋಗಿ ಅವರಿಗೆ ಇನ್ನೊಂದು ಲೋಟ ಮಜ್ಜಿಗೆ ತಂದಿರಿ. ಆ ನಗುವನ್ನು ಧೈರ್ಯವೆಂದು ತಿಳಿದ ಆ ಮನುಷ್ಯ ಎದ್ದು, ನೆಟ್ಟಗೆ ನಿಂತು, ನಿಮಗೆ ಸೆಲ್ಯೂಟ್ ಹೊಡೆದರು. ನಾನು ನೆಲ ನೋಡುತ್ತಿದ್ದೆ.

ಆಮೇಲೆ ಅಣ್ಣ ಸತ್ತನೆಂದು ಸರಕಾರದಿಂದ ಬಂದ ಇಂಗ್ಲಿಷ್ ಕಾಗದಗಳಿಗೂ ನಾನೇ ಬೇರೆ ಅರ್ಥ ಹೇಳಿದೆ. ತೋರಿಸಿದಲ್ಲಿ ನೀವು ಸಹಿ ಮಾಡಿದಿರಿ. ಊರವರು ಅನುಮಾನದ ಮಾತಾಡಿದರೆ, "ನಮ್ಮ ಪರಮೇಶಿ ಕಿವಿಯಾರೆ ಕೇಳವ್ನೆ, ಸುಮ್ಕಿರಿ" ಎಂದು ಅವರ ಬಾಯಿ ಮುಚ್ಚಿಸಿದಿರಿ. ನಿಮ್ಮಪ್ಪ ಮತ್ತೆ ಕರೆಯಲು ಬಂದಾಗ ನೀವೇ ಹೋಗಲಿಲ್ಲ. ಅವ್ವ ಇನ್ನೂ ಒಂಬತ್ತು ವರ್ಷ ಬದುಕಿದಳು. ಅವಳು ಹೋದ ಮೇಲಾದರೂ ಹೇಳಬಹುದಿತ್ತು — ಆ ಹೊತ್ತಿಗೆ ನನ್ನ ಮಕ್ಕಳು ನಿಮ್ಮ ಮಡಿಲಲ್ಲಿದ್ದರು. ಪ್ರತಿ ವರ್ಷವೂ, ಈ ವರ್ಷ ಹೇಳಿದರೆ ನೀವು ಸತ್ತೇ ಹೋಗುತ್ತೀರಿ ಎಂದುಕೊಂಡು...

ಕಳೆದ ವಾರ ಡಾಕ್ಟರು ನಿಮಗೆ ಹೆಚ್ಚು ದಿನವಿಲ್ಲ ಎಂದರು. ಕಾರಿನಲ್ಲಿ ಮರಳುವಾಗ ನೀವು ನನ್ನ ಕೈ ಹಿಡಿದು ಹೇಳಿದಿರಿ — "ನಾನು ಹೋದ್ಮೇಲೆ ನಿಮ್ಮಣ್ಣ ಬಂದ್ರೆ, ಬ್ಯಾಸ್ರ ಮಾಡ್ಕೊಂಡು ಹೋದ್ಲು ಅನ್ಬೇಡ ಕಣಪ್ಪ. ಕಾಯ್ತಾನೇ ಇದ್ಲು ಅನ್ನು."

ಹೂಂ ಎಂದೆ. ಆಗಲೂ ಹೂಂ ಎಂದೆ!

ಈಗ ಹೇಳಿದರೆ ನಿಮ್ಮ ಇಡೀ ಬದುಕನ್ನೇ ಕಿತ್ತುಕೊಂಡಂತೆ. ಹೇಳದೆ ಕಳಿಸಿದರೆ — ಅದನ್ನು ಯೋಚಿಸಲಾರೆ. ಯಾವುದು ದಯೆ ಎಂದು ತೀರ್ಮಾನಿಸುವ ಹಕ್ಕು ನನಗಿಲ್ಲ. ನಿಮ್ಮ ಗಂಡ ನಿಮಗೆಂದು ಹೇಳಿ ಕಳಿಸಿದ ಮಾತು ಅದು, ನಿಮಗೆ ಸೇರಬೇಕು. ಕ್ಷಮಿಸಿ ಎಂದು ಕೇಳುವುದಿಲ್ಲ.

ನಿಮ್ಮ ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲ. ಈ ಕಾಗದವನ್ನು ನಾನೇ ಓದಬೇಕು, ನಿಮ್ಮ ಮುಖ ನೋಡಿಕೊಂಡು. ಒಳಗೆ ನೀವು ಎದ್ದು ಕೂತ ಸದ್ದಾಯಿತು. ನನ್ನ ಹೆಸರು ಹಿಡಿದು ಕರೆಯುತ್ತಿದ್ದೀರಿ.

ಬಂದೆ ಅತ್ತಿಗೆ.