ಪಲ್ಲಕ್ಕಿ ಬರಿದಾಗಿ ಮರಳಿದ ಪುರಾಣ

ಹತ್ತಿ ಆರಿಸುವ ಮಧ್ಯಾಹ್ನಗಳು ಈಗಲೂ ನನ್ನ ಕನಸಿಗೆ ಬರುತ್ತವೆ. ತೆಲುಗು ಸೀಮೆಯ ಆಲೂರಿನ ನಮ್ಮ ಮನೆಯ ಪಡಸಾಲೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲು, ಅದರೊಳಗೆ ಎತ್ತ ಹೋಗಬೇಕೆಂದು ತಿಳಿಯದೆ ತೇಲುವ ಹತ್ತಿಯ ಎಳೆಗಳು. ಓಣಿಯ ಏಳೆಂಟು ಹೆಂಗಸರು ರಾಶಿಯ ಸುತ್ತ ಕುಳಿತು ಒಣಗಿದ ಎಲೆ, ಕಡ್ಡಿ ತೆಗೆಯುತ್ತಿದ್ದರು. ನಾನು ನಡುವೆ ಕುಳಿತು ರಾಗವಾಗಿ ಪುರಾಣ ಓದುತ್ತಿದ್ದೆ. ಬೆಳಿಗ್ಗೆ ಶಾಲೆಯಲ್ಲಿ ತೆಲುಗು, ಮಧ್ಯಾಹ್ನ ಮನೆಯಲ್ಲಿ ಕನ್ನಡ. ನನಗಾಗ ಹತ್ತು ವರ್ಷ. ಆ ಗುಂಪಿನಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ನನ್ನ ಜಂಬ ಕೇಳಬೇಕೆ?

ಪುಸ್ತಕದ ರಟ್ಟು ಹೋಗಿತ್ತು, ರಟ್ಟಿನ ಜೊತೆ ಹೆಸರೂ ಹೋಗಿತ್ತು. ನಮಗೆ ಅದು ಬರೀ ‘ಮನಿ ಪುರಾಣ’. ಓದುವ ಮೊದಲು ಅಜ್ಜಿ ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು. ಹಚ್ಚಿದ ಮೇಲೆ ಅದರಿಂದ ಬಂದ ಮಾತಿಗೆ ಎದುರಿಲ್ಲ. ‘ಪುರಾಣದಾಗ ಹಿಂಗೈತಿ’ ಅಂದರೆ ಓಣಿಯ ಜಗಳವೂ ಮುಗಿಯುತ್ತಿತ್ತು. ಅದರಲ್ಲೊಬ್ಬ ರಾಜ ಚಾಡಿ ಮಾತು ಕೇಳಿ ರಾಣಿಯನ್ನು ಹೊರಗೆ ಹಾಕುತ್ತಾನೆ. ವರ್ಷಗಳಾದ ಮೇಲೆ ಬಾ ಅಂತ ಪಲ್ಲಕ್ಕಿ ಕಳಿಸುತ್ತಾನೆ. ಅವಳು ತುಟಿ ಪಿಟಕ್ಕೆನ್ನದೆ ಹೋಗಿ ಕೂರುತ್ತಾಳೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಮ್ಮತ್ತೆ, ಅಪ್ಪನ ತಂಗಿ, ಪತ್ತಿಕೊಂಡದ ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲೇ ಇದ್ದಳು. ಬಂದ ದಿನ ಅವಳ ಮೊಣಕೈ ಮೇಲೆ ಸುಟ್ಟ ಗಾಯವಿತ್ತು. ಯಾರು ಸುಟ್ಟರು ಅಂತ ದೊಡ್ಡವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೋಮವಾರ ಗಾಡಿ ತರುತ್ತೇನೆ, ಸೊಸೆಯನ್ನು ಕಳಿಸಿ ಅಂತ ಅವಳ ಮಾವ ಹೇಳಿಕಳಿಸಿದ. ಅಪ್ಪ ಹೂಂ ಅಂದುಬಿಟ್ಟಿದ್ದ. ಅತ್ತೆ ಒಂದೇ ಹಿಡಿ ಹತ್ತಿಯನ್ನು ಇಡೀ ಮಧ್ಯಾಹ್ನ ಆರಿಸುತ್ತ ಕೂತಿರುತ್ತಿದ್ದಳು.

ನಮ್ಮ ಚಿಕ್ಕಪ್ಪ ಹತ್ತಿ ವ್ಯಾಪಾರಕ್ಕೆ ಬಳ್ಳಾರಿಗೆ ಹೋದಾಗ ಒಂದು ಮಾಸಪತ್ರಿಕೆ ತಂದಿದ್ದ. ಅದರ ಕಥೆಯಲ್ಲಿ ಪಟ್ಟಣದ ಹೆಂಡತಿಯೊಬ್ಬಳು ಗಂಡನಿಗೆ ಹೇಳುತ್ತಾಳೆ: ನೂಕಿದರೆ ತೆರೆಯಲು, ಎಳೆದರೆ ಮುಚ್ಚಲು ನಾನು ಕದವಲ್ಲ. ಓಡಿಬಂದು ಹೆಂಗಸರಿಗೂ ಓದಿ ಹೇಳಿದೆ.

“ಅಯ್ಯ, ಪ್ಯಾಟಿ ಹೆಂಗಸು, ಆಕಿಗೇನವ್ವ” ಅಂತ ಅವರು ನಕ್ಕರು.

“ಅದೇನ್ ಪುರಾಣೇನ? ನಿನ್ನೆ ಮೊನ್ನೆ ಯಾರೋ ಬರದಿದ್ದು. ಮುಚ್ಚಿಡು” ಅಂದಳು ಅಜ್ಜಿ. ಅತ್ತೆ ಮಾತ್ರ ನಗಲಿಲ್ಲ.

ಭಾನುವಾರದ ಓದು ಪಲ್ಲಕ್ಕಿಯ ಹತ್ತಿರ ಬಂತು. ಬಿಸಿಲುಕೋಲು ಅತ್ತೆಯ ಮಡಿಲಿಗೆ ಸರಿದಿತ್ತು, ಅವಳ ಕೈ ಸುಮ್ಮನೆ ಬಿದ್ದಿತ್ತು. ನಾನೇನೂ ಯೋಚಿಸಿ ಮಾಡಿದ್ದಲ್ಲ. ಅದೇ ರಾಗದಲ್ಲಿ ನಾಲಿಗೆ ತಾನೇ ಹೊರಳಿತು: “ಆಗ ರಾಣಿಯು ನುಡಿದಳು, ನೂಕಿದರೆ ತೆರೆಯಲು, ಎಳೆದರೆ ಮುಚ್ಚಲು ನಾನು ಕದವಲ್ಲ, ಇಲ್ಲಿಯೇ ಇರುವೆನು. ಪಲ್ಲಕ್ಕಿಯು ಬರಿದಾಗಿ ಮರಳಿತು.”

ರಾಶಿಯ ಆಚೆಯಿಂದ ಒಬ್ಬಳು, “ಇಷ್ಟು ದಿನ ಇದನ್ಯಾಕ ಓದಿರಲಿಲ್ಲ?” ಅಂದಳು.

“ಹಾಳಿ ಅಂಟಿಕೊಂಡಿತ್ತು” ಅಂದೆ. ಸುಳ್ಳಿನ ಮೇಲೆ ಸುಳ್ಳು!

ಅಜ್ಜಿಗೆ ಅಕ್ಷರ ಬರದಿದ್ದರೂ ಆ ಪುಸ್ತಕವೆಲ್ಲ ಬಾಯಿಪಾಠ. ಒಂದು ಪದ ಬಿಟ್ಟರೆ ತಡೆದು ಹೇಳಿಸುತ್ತಿದ್ದವಳು. ಈಗ ಬೆನ್ನಿಗೆ ಗುದ್ದು ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಜ್ಜಿ ಅತ್ತೆಯ ಮೊಣಕೈಯನ್ನೇ ನೋಡುತ್ತಿದ್ದಳು.

ಸೋಮವಾರ ಗಾಡಿ ಬಂತು. ಅತ್ತೆಯ ಮಾವ ಕಟ್ಟೆಯ ಮೇಲೆ ಕೂತ. “ನಡಿಯವ್ವ” ಅಂದ ಅಪ್ಪ. ಅತ್ತೆ ಹೊಸ್ತಿಲವರೆಗೆ ಬಂದು ಬಾಗಿಲುವಾಡ ಹಿಡಿದುಕೊಂಡಳು.

“ನೂಕಿದ್ರ ತೆರಿಯಾಕ, ಎಳದ್ರ ಮುಚ್ಚಾಕ ನಾ ಕದ ಅಲ್ಲಣ್ಣ. ಇಲ್ಲೇ ಇರ್ತೀನಿ.”

“ಎಲ್ಲಿ ಕಲತಿ ಇಂಥಾ ಮಾತು?” ಮಾವ ಗದರಿದ.

“ಪುರಾಣದಾಗೈತ್ರಿ.”

“ಯಾವ ಪುರಾಣದಾಗೈತಿ? ತರ್ರಿ, ನಾನೂ ನೋಡ್ತೀನಿ.”

ನಾನು ಬಾಗಿಲ ಹಿಂದೆ ಸರಿದೆ. ಅವನಿಗೆ ಓದಲು ಬರುತ್ತಿತ್ತು. ಪುಸ್ತಕ ತೆರೆದರೆ ಅತ್ತೆ ಗಾಡಿ ಹತ್ತಬೇಕು. ಅಷ್ಟರಲ್ಲಿ ಅಜ್ಜಿ ಪುಸ್ತಕವನ್ನು ಎದೆಗವಚಿಕೊಂಡು ಹೊರಗೆ ಬಂದಳು. ಅದರ ಮೇಲೆ ಆಗ ತಾನೇ ಹಚ್ಚಿದ ವಿಭೂತಿ ಇನ್ನೂ ಹಸಿಯಾಗಿತ್ತು.

“ನಮ್ಮನಿ ಪುರಾಣದಾಗೈತ್ರಿ ಬೀಗರ. ಲಗ್ನಾಗಿ ಬಂದಾಗಿಂದ ಕೇಳೀನಿ. ನನ್ನ ಮಾತು ಸುಳ್ಳು ಅನ್ನಂಗಿದ್ರ, ಈ ವಿಭೂತಿ ಒರಸಿ ತೆಗದು ನೋಡ್ರಿ.”

ಮಾವ ಕೈ ಮುಂದೆ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ಅಪ್ಪ ನೆಲ ನೋಡಿದ. ಗಾಡಿ ಬರಿದಾಗಿಯೇ ಪತ್ತಿಕೊಂಡದ ದಾರಿ ಹಿಡಿಯಿತು.

ಆ ಮಧ್ಯಾಹ್ನ ಅತ್ತೆ ರಾಶಿಯಿಂದ ಹೊಸ ಹಿಡಿ ಹತ್ತಿ ತೆಗೆದುಕೊಂಡಳು. ಅಜ್ಜಿ ನನ್ನ ಮುಂದೆ ಪುಸ್ತಕ ಇಟ್ಟು, ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು.

“ಇನ್ನ ಮ್ಯಾಲ ಹಂಗ ಓದಬೇಕು. ಮರತು ಮೊದಲಿನಂಗ ಓದಿದಿ ಅಂದ್ರ, ಕಿವಿ ಹರೀತೀನಿ ನೋಡು.”