ಮಂಗಳಕ್ಕನ ಸೈಕಲ್ಲಿನ ಹಿಂದಿನ ಚಕ್ರ

ಬಿಗಿಯಾಗಿರುವ ಸೈಕಲ್ ಕಡ್ಡಿಯನ್ನು ಬೆರಳಿನಿಂದ ಮೀಟಿದರೆ ತಂತಿಯ ನಾದ ಹೊಮ್ಮುತ್ತದೆ. ಸಡಿಲವಾದುದನ್ನು ಮೀಟಿದರೆ ಒದ್ದೆ ಬಟ್ಟೆಯನ್ನು ತಟ್ಟಿದಂಥ ಸಪ್ಪೆ ಸದ್ದು. ಹನೂರಿನ ಕಡೆಯ ಒಂದು ಶಾಲೆಯ ಅಂಗಳದಲ್ಲಿ, ಮೂಲೆಗೆ ಬಿದ್ದಿದ್ದ ಹೆಣ್ಣುಮಕ್ಕಳ ಸೈಕಲ್ಲುಗಳನ್ನು ಮತ್ತೆ ರಸ್ತೆಗಿಳಿಸಲು ನಾವು ಕೆಲವರು ಕೂತಿದ್ದಾಗ, ಆ ಸಪ್ಪೆ ಸದ್ದು ನನ್ನ ಬೆರಳ ತುದಿಯಲ್ಲೇ ಎದ್ದಿತು. ದಾರಿ ದೂರವೆಂಬ ಕಾರಣಕ್ಕೆ ಯಾವ ಹುಡುಗಿಯ ಓದೂ ನಿಲ್ಲಬಾರದೆಂದು ಕಾಲೇಜಿನ ಚರ್ಚಾ ವೇದಿಕೆಯಿಂದ ಇಂದಿನವರೆಗೂ ವಾದಿಸುತ್ತ ಬಂದವಳು ನಾನು. ಬರಿಯ ವಾದದಿಂದ ಚಕ್ರ ಉರುಳುವುದಿಲ್ಲವೆಂದು ತಡವಾಗಿ ಮನಗಂಡು, ಈಚೆಗೆ ಸೊಟ್ಟ ಚಕ್ರದ ಬೆಂಡು ತೆಗೆಯುವುದನ್ನೂ ಕಲಿತಿದ್ದೆ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಸರಪಳಿಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ, ಆಗತಾನೆ ಒಕ್ಕಿದ ಭತ್ತದ ವಾಸನೆ, ತಾತನ ಹಣೆಯ ವಿಭೂತಿಯ ತಣ್ಣನೆಯ ವಾಸನೆ ಎಲ್ಲವೂ ಒಟ್ಟಿಗೆ ಬಂದವು. ಹೊನ್ನೂರಿನ ನಮ್ಮ ತೊಟ್ಟಿಮನೆ ಇಡಿಯಾಗಿ ಎದುರು ನಿಂತಿತು.

ಆ ಮನೆ ಈಗಿಲ್ಲ. ಪಾಲಾಗಿ, ಗೋಡೆಗಳುರುಳಿ, ಅಲ್ಲೀಗ ಸಿಮೆಂಟಿನ ಇಟ್ಟಿಗೆ ಮಾರುತ್ತಾರೆ. ಆದರೆ ಅದರ ಪಡಸಾಲೆಯ ಭಾನುವಾರಗಳು ನನ್ನಲ್ಲಿ ಹಾಗೆಯೇ ಇವೆ. ನನ್ನ ಅಕ್ಕ ಮಂಗಳ ಯಳಂದೂರಿನ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದಳು. ನಮ್ಮ ಬೀದಿಯಲ್ಲಿ ಹಾಗೆ ಹೋಗುತ್ತಿದ್ದ ಹೆಣ್ಣುಮಗಳು ಅವಳೊಬ್ಬಳೇ. ಅವಳನ್ನು ಕಂಡರೆ ತಾತನಿಗೆ ಪ್ರಾಣ. ಭಾನುವಾರ ಸ್ನಾನ, ಪೂಜೆ ಮುಗಿಸಿ ಅವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರದ ಒಂದೊಂದು ಕಡ್ಡಿಯನ್ನೂ ಮೀಟುವರು. ರಿಮ್ಮಿನ ಬಳಿ ಕಡ್ಡಿಯನ್ನು ಹಿಡಿದಿರುವ ಪುಟ್ಟ ತಿರುಪನ್ನು ಕೀಲಿಯಿಂದ ಸಡಿಲಿಸುವರು. ನಾದ ಹೋಗಿ ಸಪ್ಪೆ ಸದ್ದು ಬರುವವರೆಗೂ ಬಿಡುತ್ತಿರಲಿಲ್ಲ. "ಕಲ್ ರೋಡು ಕಣವ್ವ, ಬಿಗಿಯಾಗಿದ್ರೆ ನಿನ್ ಸೊಂಟ ಇಡ್ಕಬುಡ್ತದೆ. ಅಗ್ಗ ಎಣ್ದಿರೋ ಮಂಚ ಸಡ್ಲ ಇದ್ರೆ ತಾನೆ ಮೆತ್ಗಿರದು?" ಎನ್ನುವರು. ಯಳಂದೂರಿನ ಅಂಗಡಿಯವನು ಬಿಗಿದು ಕಳಿಸಿದ್ದನ್ನು ಕಂಡರೆ, "ಎಂಗ್ ಬಿಗ್ದು ಬುಟ್ಟವ್ನೆ ನೋಡು, ಕರುಣೆ ಇಲ್ದೋನು" ಎಂದು ಗೊಣಗುತ್ತ ಮತ್ತೆ ಸಡಿಲಿಸುವರು. ಅಕ್ಕ ಪಕ್ಕದಲ್ಲಿ ಕೂತು ಜಡೆಯ ತುದಿಯನ್ನು ಕಚ್ಚುತ್ತ ನಗುವಳು. ಅಷ್ಟು ಪ್ರೀತಿಯನ್ನು ಆಮೇಲೆ ನಾನು ಯಾವ ಮನೆಯಲ್ಲೂ ಕಾಣಲಿಲ್ಲ.

ಮಳೆಗಾಲ ಕಳೆದ ಮೇಲೆ ಕಡ್ಡಿಗಳು ಮುರಿಯತೊಡಗಿದವು. ಒಂದನ್ನು ಹಾಕಿಸಿದರೆ ವಾರದೊಳಗೆ ಪಕ್ಕದ್ದು ಹೋಗುವುದು. ಕಡ್ಡಿ ಮುರಿಯುವುದು ಹೊರೆಗೆ, ಅಂದರೆ ಹಿಂದಿನ ಕ್ಯಾರಿಯರ್ ಮೇಲೆ ಯಾರೋ ಕೂರುತ್ತಿದ್ದಾರೆ. ಇದು ನಮ್ಮ ಮನೆಯ ತರ್ಕ. ಹೊರೆಯ ಪ್ರಶ್ನೆ ಕೂಡಲೇ, ಕೂರುವವರು ಯಾರು, ಯಾವ ಕೇರಿಯವರು, ಗಂಡೋ ಹೆಣ್ಣೋ ಎಂಬ ಪ್ರಶ್ನೆಯಾಯಿತು. ಒಂದು ಸಂಜೆ ಪಡಸಾಲೆಯಲ್ಲಿ ಎಲ್ಲರೂ ನೆರೆದಿದ್ದಾಗ ತಾತ ಮೆಲ್ಲನೆ ಕೇಳಿದರು: "ಯಾರ್ನ ಕೂರಿಸ್ಕಂಡ್ ಬತ್ತಿದ್ದಯ್ಯೆ ಏಳವ್ವ, ನಾ ಬಯ್ಯಕಿಲ್ಲ."

"ಯಾರ್ನೂ ಇಲ್ಲ ತಾತ, ನಿನ್ ಪಾದ್ದಾಣೆ."

"ಕಬ್ಬುಣದ್ ಕಡ್ಡಿ ತಾನಾಗೇ ಮುರಿದದಾ?" ಎಂದು ಅಜ್ಜಿ ಒಳಗಿನಿಂದಲೇ ಕುಟುಕಿದಳು. "ಕಬ್ಬಿನ್ ಸೋಗೆಯಾ ಅದು?"

ಅಕ್ಕ ಮತ್ತೆ ಬಾಯಿ ಬಿಡಲಿಲ್ಲ. ಮೊಮ್ಮಗಳು ತಮ್ಮ ಪಾದದ ಮೇಲೆ ಸುಳ್ಳು ಆಣೆ ಇಟ್ಟಳೆಂದು ತಾತ ಆ ದಿನ ಊಟ ಮಾಡಲಿಲ್ಲ. ಮುಂದಿನ ಕಡ್ಡಿ ಮುರಿದ ದಿನವೇ ಸೈಕಲ್ಲು ಅಟ್ಟ ಸೇರಿತು, ಅಕ್ಕ ಅಡುಗೆಮನೆ ಸೇರಿದಳು. ಒಂದೆರಡು ವರ್ಷಕ್ಕೆ ಅವಳನ್ನು ಧನಗೆರೆಗೆ ಕೊಟ್ಟರು. ನನ್ನ ಸರದಿ ಬರುವ ಹೊತ್ತಿಗೆ ಬಸ್ಸು ಬಂದಿತ್ತು, ನಾನು ಓದಿದೆ.

ಹನೂರಿನ ಆ ಅಂಗಳದಲ್ಲಿ, ಆ ಸಪ್ಪೆ ಸದ್ದಿಗೆ ನಾನು ಕೀಲಿಯನ್ನು ಕೆಳಗಿಟ್ಟದ್ದು ಇದಕ್ಕೇ. ಕಡ್ಡಿ ಏಕೆ ಮುರಿಯುತ್ತದೆಂಬುದು ಅಷ್ಟರಲ್ಲಿ ನನಗೆ ತಿಳಿದಿತ್ತು. ಚಕ್ರದ ಒಂದೊಂದು ಸುತ್ತಿನಲ್ಲೂ ನೆಲದ ಕಡೆಗೆ ಬಂದ ಕಡ್ಡಿಯ ಸೆಳೆತ ಒಂದು ಕ್ಷಣ ತಗ್ಗುತ್ತದೆ. ಬಿಗಿಯಾದ ಕಡ್ಡಿ ಆಗಲೂ ಬಿಗಿಯಾಗಿಯೇ ಉಳಿಯುತ್ತದೆ. ಸಡಿಲವಾದದ್ದು ಪೂರ್ತಿ ಜೋತು, ಮರುಕ್ಷಣವೇ ಮತ್ತೆ ಸೆಟೆದು ಜಗ್ಗುತ್ತದೆ. ಹೀಗೆ ಸಾವಿರಾರು ಸಲ ಜೋತು ಜಗ್ಗಿ, ಚಕ್ರದ ನಡುವಿನ ಹಬ್ಬಿಗೆ ಸಿಕ್ಕಿಕೊಂಡಿರುವ ಬಾಗಿನಲ್ಲಿ, ಅತ್ತಿತ್ತ ಮಣಿಸಿದ ತಂತಿಯಂತೆ ತುಂಡಾಗುತ್ತದೆ. ಅದರ ಪಾಲಿನ ಭಾರ ಪಕ್ಕದವುಗಳ ಮೇಲೆ ಬಿದ್ದು ಅವೂ ಸೋಲುತ್ತವೆ. ಆದ್ದರಿಂದ ಮುರಿದದ್ದನ್ನು ಕೂಡಲೇ ಬದಲಿಸಬೇಕು, ಎಲ್ಲವನ್ನೂ ಕಾಲು ಕಾಲು ಸುತ್ತಿನಂತೆ ಸಮನಾಗಿ ಬಿಗಿಯಬೇಕು, ಮೇಲಿಂದ ಮೇಲೆ ಮುರಿಯುತ್ತಿದ್ದರೆ ಆ ಬದಿಯ ಕಡ್ಡಿಗಳನ್ನೆಲ್ಲ ಹೊಸದಾಗಿ ಹಾಕಿಸಬೇಕು. ಹೊರೆಯೊಂದೇ ಕಾರಣವೆಂಬ ವಾದಕ್ಕೆ ಪ್ರತಿಸಾಕ್ಷಿ ದಿನವೂ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು: ತುಂಬಿದ ಕ್ಯಾನುಗಳನ್ನು ಎರಡೂ ಬದಿಗೆ ನೇತುಹಾಕಿಕೊಂಡು ಅದೇ ಕಲ್ಲುದಾರಿಯಲ್ಲಿ ಹೋಗುತ್ತಿದ್ದ ಹಾಲಿನವನ ಚಕ್ರ ಒಮ್ಮೆಯೂ ಸೋಲಲಿಲ್ಲ. ನಾವು ಯಾರೂ ಅದನ್ನು ಸಾಕ್ಷಿಯೆಂದು ಕಾಣಲಿಲ್ಲ. ಆ ಕಡ್ಡಿಗಳನ್ನು ಮುರಿದದ್ದು ತಾತನ ಕೀಲಿ. ಮೆತ್ತಗಿರಲಿ ಎಂದು ಹರಸಿದ ಕೈಯೇ ಮುರಿಯಿತು. ಆಮೇಲೆ ಆ ಕೈಯೇ ಅವಳನ್ನು ಮನೆಯೊಳಗೆ ಕೂರಿಸಿತು.

ಅಂದೇ ಕೊಳ್ಳೇಗಾಲಕ್ಕೆ ಬಸ್ಸು ಹತ್ತಿ ಧನಗೆರೆಗೆ ಹೋದೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಮೇಲಿನ ಅಪವಾದವನ್ನು ಅಳಿಸುವ ಉತ್ಸಾಹದಲ್ಲಿ, ತಾತನ ಮಾತೆತ್ತದೆ, ಕಡ್ಡಿಯ ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳ ಕೈ ನಿಂತಿತು.

"ಅಂಗಾರೆ ನನ್ ಭಾರಕ್ಕಲ್ವಾ ಅಮ್ಮಿ?"

"ಯಾವ ಭಾರ ಅಕ್ಕ?" ಎಂದೆ.

"ನಾ ಯಾರ್ನೂ ಕೂರಿಸ್ಕಂಡಿರ್ನಿಲ್ಲ. ಮತ್ಯಾಕ್ ಮುರೀತು? ಆಗ ದಪ್ಪಕಿದ್ನಲ್ಲ, ನನ್ ಮೈ ಭಾರಕ್ಕೇ ಅಂತ ನಾನೇ ಅಂದ್ಕಂಡಿ. ಅದ್ನ ಎಲ್ರ ಮುಂದೆ ಎಂಗೇಳದು? ಸುಳ್ಳಿ ಅಂದ್ರೂ ಅನ್ಲಿ ಅಂತ ಸುಮ್ಗಾದಿ."

ಅಪವಾದದ ನೋವಿರಬಹುದೆಂದು ನಾನು ಊಹಿಸಿದ್ದೆ, ಇದನ್ನು ಎಣಿಸಿರಲಿಲ್ಲ. ಭಾವನ ಸ್ಕೂಟರಿನ ಹಿಂದೆ ಅವಳು ಎಂದೂ ಕೂತವಳಲ್ಲ. ಸಂತೆಗೂ ತವರಿಗೂ ಬಸ್ಸು ಸಿಕ್ಕುವಷ್ಟು ದೂರ ನಡೆದೇ ಬರುತ್ತಿದ್ದಳು. ಎಲೆಯ ಮುಂದೆ ಎಲ್ಲರಿಗಿಂತ ಮೊದಲು ಸಾಕೆನ್ನುತ್ತಿದ್ದಳು. ಮನೆಯವರು ಅದನ್ನು ನಯವೆಂದರು, ಸಂಕೋಚವೆಂದರು, ಹೊಗಳಿದರು. ನಾನೂ ಹಾಗೆಯೇ ತಿಳಿದಿದ್ದೆ.

"ಮತ್ತೆ ಯಾರಮ್ಮಿ ಸಡ್ಲ ಮಾಡ್ದೋರು?" ಎಂದು ಕೇಳಿದವಳು, ನನ್ನ ಉತ್ತರಕ್ಕೆ ಮೊದಲೇ ತಾನಾಗಿ ಕಂಡುಕೊಂಡಳು. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, "ತಾತಂಗೆ ಗೊತ್ತಾಗಿತ್ತಾ?" ಎಂದಳು.

"ಇಲ್ಲಕ್ಕ."

"ಸದ್ಯ. ಗೊತ್ತಾಗಿದ್ರೆ ಎದೆ ಒಡ್ಕಂಡ್ ಸತ್ತೋಗ್ಬುಡೋನು."

ತಪ್ಪಾಯಿತೆಂದು ಅವಳಿಗೆ ಹೇಳಬೇಕಾದವರು ಯಾರೂ ಈಗ ಉಳಿದಿಲ್ಲ. ಹೇಳಬಹುದಾಗಿದ್ದ ಪಡಸಾಲೆಯೂ ಇಲ್ಲ. ಹೊತ್ತು ಇಳಿಯುತ್ತಿತ್ತು, ಕೆರೆಯ ಕಡೆಯಿಂದ ದನಗಳು ಮರಳುತ್ತಿದ್ದವು. ಅಕ್ಕ ಮಡಿಲಿನ ಸಿಪ್ಪೆಯನ್ನು ಕೊಡವಿ, ತನ್ನ ತೋಳುಗಳನ್ನು, ಯಾರದೋ ಎಂಬಂತೆ, ಮೇಲಿನಿಂದ ಕೆಳಗೆ ನಿಧಾನವಾಗಿ ಸವರಿಕೊಂಡಳು.